ನೀರು ಬಿದ್ದರೂ ಕೆಡದ ಮಷಿನ್

ಸೊಸೆ ಒಂದು ಚೀಟಿಯಲ್ಲಿ ತನಗೆ ಬೇಕಾದ ಲ್ಯಾಪ್‌ಟಾಪ್ ಮಷಿನ್ನಿನ ಹೆಸರು ಬರೆದು, ಅದರ ಕೆಳಗೆ ಎರಡು ಗೆರೆ ಎಳೆದು ನನ್ನ ಕೈಗೆ ಕೊಟ್ಟಿದ್ದಳು. ಓದಲು ಬರುವುದಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳುವ ಹಾಗಿಲ್ಲ. ನಲವತ್ತು ವರ್ಷ ಬಟ್ಟೆ ಹೊಲಿದು ಅಳತೆ ಬರೆದುಕೊಂಡವಳು ನಾನು. ಕಾಲಿಂಚು ಹೆಚ್ಚುಕಡಿಮೆಯಾದರೂ ಕಣ್ಣಿಗೆ ಬೀಳುತ್ತದೆ. ಚೀಟಿಯಲ್ಲಿದ್ದದ್ದು ಒಂದು, ನಾನು ತಂದದ್ದು ಇನ್ನೊಂದು. ಗೊತ್ತಿದ್ದೇ ತಂದೆ.

ಅವಳ ಕೆಲಸ ಏನೆಂದು ಹೇಳಿದರೆ ಜನ ಹುಬ್ಬೇರಿಸುತ್ತಾರೆ. ಒಂದು ಕಾಲೇಜಿನಲ್ಲಿ ಕಿವಿ ಕೇಳದ ಹುಡುಗಿಯೊಬ್ಬಳು ಲ್ಯಾಬ್ ಟೆಕ್ನಿಷಿಯನ್ ಕೋರ್ಸು ಓದುತ್ತಾಳೆ. ಮೇಷ್ಟ್ರು ಅಲ್ಲಿ ಮೈಕಿನಲ್ಲಿ ಪಾಠ ಹೇಳುತ್ತಾರೆ, ಇವಳು ಇಲ್ಲಿ ನಮ್ಮ ನಡುಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೇಳಿದ್ದನ್ನು ಕೇಳಿದ ಹಾಗೇ ಟೈಪ್ ಮಾಡುತ್ತಾಳೆ. ಅದು ಆ ಹುಡುಗಿಯ ಮುಂದಿನ ಪರದೆಯ ಮೇಲೆ ಆಗಿಂದಾಗಲೇ ಮೂಡುತ್ತದೆ. ದಿನಕ್ಕೆ ಆರೇಳು ಗಂಟೆ. ಮೂರು ತಿಂಗಳು ನೋಡುತ್ತೇವೆ, ಸರಿಯಾಗಿ ನಡೆದರೆ ಕಾಯಂ ಮಾಡುತ್ತೇವೆ ಎಂದಿದ್ದರು. ಮದುವೆಯಾಗಿ ಬಂದ ನಾಲ್ಕು ವರ್ಷದಲ್ಲಿ ಕೈಗೆ ಸಿಕ್ಕ ಸಣ್ಣಪುಟ್ಟ ಕೆಲಸಗಳನ್ನೆಲ್ಲ ಮಾಡಿದವಳು ಅವಳು. ಕಾಯಂ ಎಂಬ ಮಾತು ಕೇಳಿದ್ದು ಅದೇ ಮೊದಲು. ಅವತ್ತು ಮನೆಯವರಿಗೆಲ್ಲ ಕೇಳದೆಯೇ ಎರಡು ಸಲ ಟೀ ಸಿಕ್ಕಿತು.

ಕಾಲೇಜಿನವರು ಎರವಲು ಕೊಟ್ಟ ಲ್ಯಾಪ್‌ಟಾಪು ಎರಡು ವಾರಕ್ಕೆ ವಾಪಸ್ ಹೋಗಬೇಕು, ಆಮೇಲೆ ಸ್ವಂತದ್ದೇ ಇರಬೇಕು. ಸೊಸೆ ಸಂಜೆಯ ಹೊತ್ತು ಕೂತು ಅದನ್ನೇ ವಿಚಾರಿಸಿದಳು. ನನ್ನನ್ನು ಒಪ್ಪುವಾಗ ಇವಳು ಇದರ ಅರ್ಧದಷ್ಟೂ ವಿಚಾರಿಸಲಿಲ್ಲ ಎಂದು ಮಗ ರೇಗಿಸಿದ. ಕೊನೆಗೆ ಊಟದ ಹೊತ್ತಿನಲ್ಲಿ ನಮಗೆಲ್ಲ ತಿಳಿಸಿ ಹೇಳಿದಳು. ಒಂದೇ ಕಂಪನಿ ಆಫೀಸಿನವರಿಗಾಗಿ ಲ್ಯಾಪ್‌ಟಾಪಿನ ಎರಡು ಸಾಲು ಮಾಡುತ್ತದಂತೆ. ಕೆಳಗಿನ ಸಾಲು ಅಗ್ಗದ್ದು. ಮೇಲಿನ ಸಾಲು ದಿನವಿಡೀ ದುಡಿಸುವವರಿಗೆ. ಬೇಗ ಬಿಸಿಯಾಗುವುದಿಲ್ಲ, ಕೀಬೋರ್ಡಿನ ಮೇಲೆ ನೀರು ಬಿದ್ದರೂ ಕೆಳಗಿನ ತೂತಿನಿಂದ ಇಳಿದುಹೋಗುತ್ತದೆ, ಕೆಟ್ಟರೆ ಮೂರು ವರ್ಷ ಮನೆಗೇ ಬಂದು ರಿಪೇರಿ ಮಾಡಿಕೊಡುತ್ತಾರೆ.

"ಸಾದಾ ಬಸ್ಸು, ಎಕ್ಸ್‌ಪ್ರೆಸ್ ಬಸ್ಸು. ಅಷ್ಟೇ ತಾನೆ?" ಎಂದರು ನಮ್ಮವರು.

"ಅಷ್ಟೇ ಮಾವ. ನಾನು ದೂರ ಹೋಗೋಳು, ಎಕ್ಸ್‌ಪ್ರೆಸ್ಸೇ ಬೇಕು," ಎಂದಳು.

ದುಡ್ಡು ಅವಳದೇ, ಹಳೆಯ ಕೆಲಸಗಳಲ್ಲಿ ಉಳಿಸಿದ್ದು. ಅಂಗಡಿಯಲ್ಲಿ ರಿಯಾಯಿತಿ ಮುಗಿಯುವ ದಿನ ಅವಳಿಗೆ ಸಂಜೆಯವರೆಗೂ ಪಾಠವಿತ್ತು. ಅದಕ್ಕೇ ಚೀಟಿಯನ್ನೂ ದುಡ್ಡಿನ ಕವರನ್ನೂ ನನ್ನ ಕೈಗೆ ಕೊಟ್ಟು ಮಗನನ್ನು ಜೊತೆಗೆ ಕಳಿಸಿದಳು. ನೀವಿದ್ದರೆ ಅಂಗಡಿಯವನು ಬಾಲ ಬಿಚ್ಚುವುದಿಲ್ಲ ಎಂದು ನಗುತ್ತಾ ಹೇಳಿದಳು.

ಸೇಲ್ಸ್‌ಮನ್ ಎರಡನ್ನೂ ಪಕ್ಕಪಕ್ಕ ಇಟ್ಟ. ಎರಡೂ ಕಪ್ಪು, ಮುಚ್ಚಿಟ್ಟರೆ ಅವಳಿಜವಳಿ, ಬೆಲೆಯಲ್ಲಿ ಮಾತ್ರ ಅಜಗಜಾಂತರ. ಮುಚ್ಚಿದಾಗ ಯಾವುದು ಯಾವುದೆಂದು ಗೊತ್ತಾಗುತ್ತದೆಯೇ ಎಂದು ಕೇಳಿದೆ. ಗೊತ್ತಾಗುವುದಿಲ್ಲ, ಒಳಗಿನದ್ದು ಬೇರೆ ಎಂದ.

ಒಳಗಿನದ್ದು ಬೇರೆ ಎನ್ನುವುದು ನನ್ನ ಕಸುಬಿನ ಮಾತು. ಹೊರಗೆ ಒಳ್ಳೆಯ ಬಟ್ಟೆ, ಒಳಗೆ ಅಗ್ಗದ ಲೈನಿಂಗ್ ಕೊಟ್ಟು ಎಷ್ಟು ಕೋಟು ಸಾಗಹಾಕಿದ್ದೇನೋ ನನಗೇ ನೆನಪಿಲ್ಲ. ತೊಟ್ಟವರು ಕನ್ನಡಿಯಲ್ಲಿ ಹೊರಗಿನದ್ದನ್ನೇ ನೋಡಿಕೊಳ್ಳುತ್ತಾರೆ. ಲೈನಿಂಗ್ ಹರಿಯುವ ಹೊತ್ತಿಗೆ ಅವರಿಗೂ ಹೊಟ್ಟೆ ಬಂದು ಕೋಟು ಹಿಡಿಸುವುದಿಲ್ಲ. ಒಬ್ಬರೂ ವಾಪಸ್ ತಂದು ಕೇಳಿದವರಿಲ್ಲ.

ಸೇಲ್ಸ್‌ಮನ್ ಮೋಸಗಾರನಲ್ಲ, ಅದನ್ನು ಈಗಲೇ ಹೇಳಿಬಿಡಬೇಕು. ಯಾರಿಗೆ ಎಂದು ಕೇಳಿದ, ಹೇಳಿದೆ.

"ದಿನಾ ಆರೇಳು ಗಂಟೆ ಟೈಪ್ ಮಾಡೋರಿಗೆ ಈ ಅಗ್ಗದ್ದು ಬೇಡಮ್ಮ. ಕಾಯುತ್ತೆ, ನಿಧಾನ ಆಗುತ್ತೆ. ಆಮೇಲೆ ನನ್ನನ್ನ ಬೈಕೋತೀರ," ಎಂದ.

ಮಗ ಮೊಣಕೈಯಿಂದ ತಿವಿದು ಚೀಟಿಯ ಕಡೆ ಕಣ್ಣು ತೋರಿಸಿದ. ನಾನು ಚೀಟಿ ಮಡಚಿ ಪರ್ಸಿನಲ್ಲಿಟ್ಟು, ಕೆಳಗಿನ ಸಾಲಿನದ್ದೇ ಕೊಡಪ್ಪ ಎಂದೆ.

ಕಾರಣ ನಮ್ಮವರ ಹಲ್ಲು. ಎರಡು ವರ್ಷದಿಂದ ಅವರ ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ. ರೊಟ್ಟಿಯನ್ನು ಟೀಯಲ್ಲಿ ನೆನೆಸಿ ನುಂಗುವರು, ಕಡಲೆಬೀಜ ಕುಟ್ಟಿಸಿಕೊಳ್ಳುವರು. ಕಡಲೆ ಇದ್ದವರಿಗೆ ಹಲ್ಲಿಲ್ಲ ಎಂದು ತಮ್ಮನ್ನು ತಾವೇ ಹಾಸ್ಯ ಮಾಡಿಕೊಂಡು ಆ ಮಾತನ್ನು ಅಲ್ಲಿಗೇ ಮುಗಿಸುವರು. ಹಲ್ಲು ಕಟ್ಟಿಸಲು ಡಾಕ್ಟರು ಹೇಳಿದ ಮೊತ್ತವೂ ಈ ಎರಡು ಮಷಿನ್ನುಗಳ ಬೆಲೆಯ ವ್ಯತ್ಯಾಸವೂ ಹೆಚ್ಚುಕಡಿಮೆ ಒಂದೇ. ಅದು ಅಂಗಡಿಯಲ್ಲಿ ನಿಂತಿದ್ದಾಗ ತಲೆಗೆ ಬಂತು, ಬಂದದ್ದು ಹೋಗಲಿಲ್ಲ. ಸೊಸೆಯನ್ನು ಕೇಳಬಹುದಿತ್ತು. ಆದರೆ ಅತ್ತೆಯಾದವಳು ಸೊಸೆಯ ಮುಂದೆ ಕೈ ಚಾಚುವುದೇ? ಆ ಹಾಳು ಬಿಗುಮಾನ ಬಿಡಲಿಲ್ಲ. ಕೈ ಚಾಚಲು ನಾಚಿಕೆಪಟ್ಟವಳಿಗೆ ಕದಿಯಲು ನಾಚಿಕೆಯಾಗಲಿಲ್ಲ ನೋಡಿ.

ದಾರಿಯಲ್ಲಿ ಮಗನ ಬಾಯಿ ಮುಚ್ಚಿಸಿದೆ. ಎಲಿವೇಟರ್ ರಿಪೇರಿ ಮಾಡುವವನು ಅವನು. ಹತ್ತನೇ ಮಹಡಿಯಲ್ಲಿ ನೇತಾಡುತ್ತಾನೆ, ತಾಯಿಯ ಎದುರು ನಿಲ್ಲಲು ಮಾತ್ರ ಅವನಿಗೆ ಧೈರ್ಯ ಸಾಲದು. ಮನೆಗೆ ಬಂದಾಗ ಸೊಸೆಗೆ ಇನ್ನೂ ಪಾಠ ನಡೆಯುತ್ತಿತ್ತು. ಹೊಲಿಗೆ ಬಿಚ್ಚುವ ಬ್ಲೇಡು ತೆಗೆದುಕೊಂಡು ಅಡುಗೆಮನೆಯಲ್ಲಿ ಕೂತು ಮಷಿನ್ನಿನ ಮೇಲೆ ಅಂಟಿಸಿದ್ದ ಸ್ಟಿಕರುಗಳನ್ನೆಲ್ಲ ಒಂದು ಗೀರೂ ಬೀಳದ ಹಾಗೆ ಎಬ್ಬಿಸಿದೆ. ಬಾಕ್ಸನ್ನು ಗುಜರಿಯವನಿಗೆ ಹಾಕಿದೆ. ಅವಳು ಬಂದು ಮಷಿನ್ನನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಎಷ್ಟು ಚೆನ್ನಾಗಿದೆ ಅತ್ತೆ ಎಂದಳು.

ಹತ್ತೇ ದಿನದಲ್ಲಿ ನಮ್ಮವರಿಗೆ ಹಲ್ಲಿನ ಸೆಟ್ ಬಂತು. ನನ್ನ ಹೊಲಿಗೆಯ ಉಳಿತಾಯ ಎಂದು ಹೇಳಿದ್ದೆ. ಅವರು ಬೀದಿಯಲ್ಲಿ ಸಿಕ್ಕಿದವರಿಗೆಲ್ಲ ಹಲ್ಲು ತೋರಿಸಿ, ನಮ್ಮ ಮನೆಯಾಕೆ ಸೂಜಿ ಹಿಡಿದು ಸಂಪಾದಿಸಿದ್ದು ಎಂದು ಹೇಳಿಕೊಂಡು ಬಂದರು. ಸೊಸೆ ಮಾವನಿಗೆಂದೇ ಗಟ್ಟಿ ರೊಟ್ಟಿ ಸುಟ್ಟಳು. ಅವರು ಕಟಕಟ ಎಂದು ಅಗಿದು ತಿನ್ನುವುದನ್ನು ಎದುರು ಕೂತು ನೋಡಿ, ಮಾವ ಈಗ ತಟ್ಟೆಯನ್ನೂ ಬಿಡುವುದಿಲ್ಲ ಎಂದು ನಕ್ಕಳು.

ಮೂರನೇ ವಾರಕ್ಕೆ ಮಷಿನ್ ಕಾಯಲು ಶುರುವಾಯಿತು. ಮಧ್ಯಾಹ್ನದ ಹೊತ್ತಿಗೆ ಮುಟ್ಟಿದರೆ ಬಾಣಲೆ. ಸೊಸೆ ಅದರ ಕೆಳಗೆ ಎರಡು ಮರದ ಸೌಟು ಕೊಟ್ಟು ಗಾಳಿಯಾಡಲು ಬಿಟ್ಟಳು. ಆಮೇಲೆ ಅಕ್ಷರಗಳು ತಡವಾಗಿ ಬರತೊಡಗಿದವು. ಮೇಷ್ಟ್ರು ಮುಂದಿನ ಮಾತಿಗೆ ಹೋಗಿರುವರು, ಪರದೆ ಇನ್ನೂ ಹಿಂದಿನ ಮಾತಿನಲ್ಲೇ ನಿಂತಿರುವುದು. ಆ ಹುಡುಗಿ ಸಾಲುಗಳು ಬಿಟ್ಟುಹೋಗುತ್ತಿವೆ ಎಂದು ಬರೆದು ಕಳಿಸಿದಳು. ಪಾಠ ಮುಗಿದ ಮೇಲೆ ಸೊಸೆ ಮತ್ತೆರಡು ಗಂಟೆ ಕೂತು ಬಿಟ್ಟುಹೋದದ್ದನ್ನೆಲ್ಲ ತುಂಬಿ ಕಳಿಸುವಳು.

ಅವಳು ಒಂದು ದಿನವೂ ಮಷಿನ್ನನ್ನು ಬೈಯಲಿಲ್ಲ. "ನನ್ನ ಬೆರಳೇ ಒರಟು ಅತ್ತೆ. ಇಷ್ಟು ಒಳ್ಳೆ ಮಷಿನ್ನ ಕುಟ್ಟಿ ಕುಟ್ಟಿ ಹಾಳ್ಮಾಡ್ತಿದೀನಿ," ಎಂದಳು. ಅಷ್ಟು ಹೇಳಿ ಮೆತ್ತಗೆ ಟೈಪ್ ಮಾಡಲು ಕಲಿಯತೊಡಗಿದಳು. ಮೆತ್ತಗೆ ಮಾಡಿದರೆ ವೇಗ ಬರುವುದಿಲ್ಲ, ವೇಗ ಮಾಡಿದರೆ ಮಷಿನ್ ಸಿಕ್ಕಿಕೊಳ್ಳುತ್ತದೆ.

ನಾನು ಪಾತ್ರೆ, ಬಟ್ಟೆ, ಕಸ ಎಲ್ಲ ನನ್ನ ಪಾಲಿಗೆ ಎಳೆದುಕೊಂಡೆ. ಬೆಳಿಗ್ಗೆ ಅವಳು ಏಳುವುದರೊಳಗೆ ಅಡುಗೆ ಮುಗಿದಿರುತ್ತಿತ್ತು. ಇಂಥ ಅತ್ತೆ ಸಿಗಲು ಪುಣ್ಯ ಮಾಡಿರಬೇಕು ಎಂದು ಮೇಲಿನ ಮನೆಯ ಟ್ಯೂಷನ್ ಮೇಷ್ಟ್ರ ಹೆಂಡತಿ ಮೆಟ್ಟಿಲ ಮೇಲೆ ನಿಂತು ಹೊಗಳಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿಗೆ ನಾನು ಸೇರಿಯಾಗಿತ್ತು, ಹೊಗಳಿದರೂ ಬೆಚ್ಚಿಬೀಳುತ್ತಿದ್ದೆ.

ಮನೆಗೆ ಬಂದು ರಿಪೇರಿ ಮಾಡುವವರನ್ನು ಕರೆಸೋಣ, ಬಿಲ್ ಕೊಡಿ ಎಂದು ಸೊಸೆ ಕೇಳಿದಳು. ಎಲ್ಲೋ ಇಟ್ಟಿದ್ದೇನೆ, ಹುಡುಕುತ್ತೇನೆ ಎಂದೆ. ಪಾಪ, ನಮ್ಮವರು ಒಂದು ಭಾನುವಾರ ಪೂರ್ತಿ ಕಪಾಟನ್ನೆಲ್ಲ ಕೆಳಗಿಳಿಸಿ ಹುಡುಕಿದರು. ಬಿಲ್ ನನ್ನ ನೂಲುಂಡೆಗಳ ಡಬ್ಬಿಯ ತಳದಲ್ಲಿತ್ತು. ಸಿಗಲಿಲ್ಲವಲ್ಲ ಎಂದು ಅವರು ಬೆವರು ಒರೆಸಿಕೊಂಡಾಗ ಅವರಿಗೆ ನೀರು ಕೊಟ್ಟವಳೂ ನಾನೇ.

"ಅಮ್ಮ, ಹೇಳಿಬಿಡೋಣ. ಅವಳ ಮುಖ ನೋಡೋಕೆ ಆಗ್ತಿಲ್ಲ," ಎಂದ ಮಗ ಅಡುಗೆಮನೆಯಲ್ಲಿ.

"ಕಾಯಂ ಆಗ್ಲಿ, ಆಮೇಲೆ ಹೇಳೋಣ ಕಣೋ. ಆಗ ಅವಳೂ ನಗ್ತಾಳೆ," ಎಂದೆ.

ಮೂರು ತಿಂಗಳ ಕೊನೆಯಲ್ಲಿ ಆ ಹುಡುಗಿಗೆ ಮೌಖಿಕ ಪರೀಕ್ಷೆ. ಹೊರಗಿನಿಂದ ಬಂದ ಪರೀಕ್ಷಕರು ಪ್ರಶ್ನೆ ಕೇಳುವುದು, ಇವಳು ಟೈಪ್ ಮಾಡುವುದು, ಹುಡುಗಿ ಓದಿ ಉತ್ತರ ಹೇಳುವುದು. ಇವಳನ್ನು ಕಾಯಂ ಮಾಡುವವರೂ ಅಲ್ಲೇ ಕೂತು ನೋಡುತ್ತಾರೆ. ಬೆಳಿಗ್ಗೆ ಹತ್ತಕ್ಕೆ ಶುರು. ಒಂಬತ್ತಕ್ಕೆಲ್ಲ ಸೊಸೆ ಎಲ್ಲ ಜೋಡಿಸಿಕೊಂಡು ಕೂತಳು. ಮಗ ಕೆಲಸಕ್ಕೆ ಹೋಗಿದ್ದ. ನಮ್ಮವರು ಸೊಸೆಗೆ ಗಂಟಲು ಒಣಗೀತೆಂದು ಒಂದು ಲೋಟ ನೀರು ತಂದರು. ಇಡುವಾಗ ಹೆಡ್‌ಫೋನಿನ ವೈರಿಗೆ ಕೈ ತಾಗಿತು. ಪೂರ್ತಿ ಲೋಟ ಕೀಬೋರ್ಡಿನ ಮೇಲೆ.

ಅವರು ಪಂಚೆಯ ತುದಿಯಿಂದಲೇ ಒರೆಸಲು ಬಗ್ಗಿದರು. ಸೊಸೆ ಮಾತ್ರ ಎದ್ದು ಅವರನ್ನು ಕುರ್ಚಿಯಲ್ಲಿ ಕೂರಿಸಿದಳು.

"ಗಾಬರಿಯಾಗಬೇಡಿ ಮಾವ. ಇದು ನೀರು ಬಿದ್ರೂ ಕೆಡಲ್ಲ. ಅದಕ್ಕೇ ಅಲ್ವಾ ಅಷ್ಟು ದುಡ್ಡು ಕೊಟ್ಟು ಇದನ್ನೇ ತರಿಸಿದ್ದು?"

ಮಷಿನ್ನನ್ನು ತಲೆಕೆಳಗೆ ಮಾಡಿ ಬಟ್ಟೆಯ ಮೇಲಿಟ್ಟು ಕಾಲುಗಂಟೆ ಕಾದಳು. ಕಾಯುವಾಗ ಮಾವನಿಗೆ ಏನೋ ತಮಾಷೆ ಹೇಳಿ ನಗಿಸಲು ನೋಡಿದಳು. ನಾನು ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದೆ. ಆಮೇಲೆ ಬಟನ್ ಒತ್ತಿದಳು, ಏನೂ ಆಗಲಿಲ್ಲ. ಮತ್ತೆ ಒತ್ತಿದಳು. ಕಂಪನಿಗೆ ಫೋನ್ ಮಾಡಿ, ಮಷಿನ್ನಿನ ತಳದಲ್ಲಿದ್ದ ನಂಬರ್ ಓದಿ ಹೇಳಿದಳು.

ಆ ಕಡೆಯವನು ಏನು ಹೇಳಿದನೆಂದು ಅವಳ ಮಾತಿನಿಂದಲೇ ಗೊತ್ತಾಯಿತು. ಇದು ಕೆಳಗಿನ ಸಾಲಿನದ್ದು, ನೀರು ಇಳಿಯುವ ತೂತು ಇದಕ್ಕಿಲ್ಲ, ಮನೆಗೆ ಬರುವ ಲೆಕ್ಕವೂ ಇಲ್ಲ. ಅವಳು ಒಪ್ಪಲಿಲ್ಲ. ನಂಬರನ್ನು ಮತ್ತೆ ಮತ್ತೆ ಓದಿದಳು.

"ಇಲ್ಲ ಸರ್, ನೀವು ಇನ್ನೊಂದ್ಸಲ ನೋಡಿ. ನಮ್ಮತ್ತೆ ಖುದ್ದು ನಿಂತು ತಂದಿದ್ದಾರೆ. ಅವರ ಕಣ್ಣು ತಪ್ಪಿಸಿ ಬೇರೆ ಮಾಲು ಕೊಡೋಕೆ ಯಾರಿಂದಲೂ ಆಗಲ್ಲ."

ನನ್ನ ಪರವಾಗಿ ಅವಳು ಜಗಳವಾಡುತ್ತಿದ್ದಳು. ಗಡಿಯಾರ ಎದುರಿಗೇ ಇತ್ತು. ಒಂಬತ್ತೂವರೆಗೆ ಟ್ಯೂಷನ್ ಮೇಷ್ಟ್ರು ಹೆಗಲಿಗೆ ಬ್ಯಾಗು ಹಾಕಿಕೊಂಡು ಮೆಟ್ಟಿಲಿಳಿದು ಹೋದರು. ಆ ಬ್ಯಾಗಿನಲ್ಲಿ ಲ್ಯಾಪ್‌ಟಾಪು ಇರುತ್ತದೆಂದು ನನಗೆ ಗೊತ್ತಿತ್ತು. ಕೂಗಿದ್ದರೆ ನಿಲ್ಲುತ್ತಿದ್ದರು. ಆದರೆ ಕೂಗಬೇಕಾದರೆ ಈ ಮಷಿನ್ ಇನ್ನು ಏಳುವುದಿಲ್ಲ ಎಂದು ಹೇಳಬೇಕು, ಅದು ನಿನಗೆ ಹೇಗೆ ಗೊತ್ತು ಎಂದು ಕೇಳುತ್ತಾಳೆ. ಅವರ ಗಾಡಿ ಶುರುವಾದದ್ದು ಕೇಳಿಸಿತು, ತಿರುವಿನಲ್ಲಿ ಹಾರನ್ ಮಾಡಿದ್ದೂ ಕೇಳಿಸಿತು. ನಾನು ಬಾಯಿ ಬಿಡಲಿಲ್ಲ.

ಹತ್ತಕ್ಕೆ ಇಪ್ಪತ್ತು ನಿಮಿಷವಿದ್ದಾಗ ಅವಳು ಫೋನ್ ಇಟ್ಟು, ಸುಳ್ಳು ಹೇಳುತ್ತಾನೆ ಅತ್ತೆ ಎಂದಳು. ನಮ್ಮವರು ಎದ್ದು ಒಳಗೆ ಹೋಗಿದ್ದರು. ಆಗ ಹೇಳಿದೆ. ಚೀಟಿ, ಅಂಗಡಿ, ಸ್ಟಿಕರು, ಮಾವನ ಹಲ್ಲು, ಎಲ್ಲ ಒಂದೇ ಉಸಿರಿನಲ್ಲಿ. ಅವಳು ನನ್ನನ್ನೇ ನೋಡಿದಳು. ಬೈಯಲು ಅವಳಿಗೆ ಪುರುಸೊತ್ತಿರಲಿಲ್ಲ. ಮೇಲಕ್ಕೆ ಓಡಿದಳು, ಕೆಳಕ್ಕೆ ಓಡಿದಳು, ಬೀದಿಯ ಕೊನೆಯ ಜೆರಾಕ್ಸ್ ಅಂಗಡಿಯವರೆಗೂ ಓಡಿದಳು, ಅದರ ಬಾಗಿಲು ಇನ್ನೂ ತೆರೆದಿರಲಿಲ್ಲ. ಹತ್ತಕ್ಕೆ ಫೋನಿನಲ್ಲೇ ಎರಡು ಹೆಬ್ಬೆರಳಿನಿಂದ ಟೈಪ್ ಮಾಡಲು ಕೂತಳು. ಪರೀಕ್ಷಕರು ಅವಳಿಗಾಗಿ ಕಾಯುವವರೇ? ಅರ್ಧ ಪ್ರಶ್ನೆ ಹೋಗುವುದರೊಳಗೆ ಇನ್ನೊಂದು. ಕೊನೆಗೆ ಅವರು ಬೇಸತ್ತು, ಕಾಗದದ ಮೇಲೆ ಬರೆದು ತೋರಿಸಿ ಪರೀಕ್ಷೆ ಮುಗಿಸಿದರು. ಹುಡುಗಿ ಹೇಗೋ ಪಾಸಾದಳು. ಮುಂದಿನ ಅವಧಿಗೆ ಬೇರೆಯವರನ್ನು ನೋಡಿಕೊಂಡಿದ್ದೇವೆ ಎಂದು ಮೂರನೇ ದಿನ ಇವಳಿಗೆ ಕಾಗದ ಬಂತು.

ಅವತ್ತು ಗಂಡ ಹೆಂಡತಿಯ ಮಾತು ಮುಚ್ಚಿದ ಬಾಗಿಲ ಹೊರಗೂ ಕೇಳಿಸಿತು. ಅಮ್ಮ ಹೇಳಿದಳು, ನಾನೇನು ಮಾಡಲಿ ಎಂದ ಮಗ. ನಿಮಗೆ ಬಾಯಿರಲಿಲ್ಲವೇ ಎಂದು ಅವಳು ಒಂದೇ ಸಲ ಕೇಳಿದಳು.

ನಮ್ಮವರು ಎರಡು ದಿನ ಊಟಕ್ಕೆ ನಮ್ಮ ಜೊತೆ ಕೂರಲಿಲ್ಲ. ಈ ಕೈ ಮುರಿದುಹೋಗಬಾರದಿತ್ತೇ, ಮಗುವಿನ ಅನ್ನಕ್ಕೆ ನೀರು ಹೊಯ್ದೆ ಎಂದು ಜಗುಲಿಯಲ್ಲಿ ಕೂತು ಅತ್ತರು. ಸೊಸೆ ಅವರ ಪಕ್ಕ ಹೋಗಿ ಕೂತು, ನಿಮ್ಮ ತಪ್ಪಲ್ಲ ಮಾವ, ಅಂಗಡಿಯಲ್ಲಿ ಬೇರೆ ಮಷಿನ್ ಕೊಟ್ಟುಬಿಟ್ಟಿದ್ದಾರೆ ಎಂದು ಸಮಾಧಾನ ಹೇಳಿದಳು. ನಾನು ಅಡುಗೆಮನೆಗೆ ಕರೆದು, ನಿಜ ಹೇಳಿಬಿಡುತ್ತೇನೆ ಎಂದೆ.

"ಬೇಡ ಅತ್ತೆ. ಹೇಳಿದ್ರೆ ನಿಮ್ಮ ಮನಸ್ಸು ಹಗುರ ಆಗುತ್ತೆ, ಅಷ್ಟೆ. ಮಾವ ಆಮೇಲೆ ಆ ಹಲ್ಲಲ್ಲಿ ಒಂದು ತುತ್ತು ತಿಂತಾರಾ? ಸುಮ್ಮನಿರಿ," ಎಂದಳು.

ಸುಮ್ಮನಿದ್ದೆ. ಆದರೆ ನಮ್ಮವರು ಸುಮ್ಮನಿರುವ ಪೈಕಿಯಲ್ಲ. ಮೂವತ್ತೆರಡು ವರ್ಷ ಬಸ್ ಕಂಡಕ್ಟರ್ ಆಗಿದ್ದವರು. ಇಳಿದುಹೋದ ಪ್ರಯಾಣಿಕನ ಹಿಂದೆ ಓಡಿ ಚಿಲ್ಲರೆ ಕೊಟ್ಟು ಬಂದವರು, ಬಸ್ಸು ಕಾದರೂ ಚಿಂತೆಯಿಲ್ಲ. ಮರುದಿನ ನಾನು ಬಟ್ಟೆ ಒಗೆದು ಒಳಗೆ ಬಂದರೆ ಮೇಜಿನ ಮೇಲೆ ಮಷಿನ್ ಇಲ್ಲ, ಅವರ ಕೈಚೀಲವೂ ಇಲ್ಲ. ಎಷ್ಟು ತಡೆದರೂ ಕೇಳದೆ ಅಂಗಡಿಗೆ ಹೋಗಿದ್ದಾರೆಂದು ಸೊಸೆ ಹೇಳಿದಳು. ಒದ್ದೆ ಕೈಯಲ್ಲೇ ಓಡಿದೆ.

ಅಂಗಡಿಯ ಹೊರಗಿನಿಂದಲೇ ಅವರ ಗಂಟಲು ಕೇಳಿಸುತ್ತಿತ್ತು. ಒಳಗೆ ನಾಲ್ಕಾರು ಜನ ಸೇರಿದ್ದರು. ಸೇಲ್ಸ್‌ಮನ್ ಗೋಡೆಗೆ ಒತ್ತಿ ನಿಂತಿದ್ದ, ಮುಖದಲ್ಲಿ ರಕ್ತವಿರಲಿಲ್ಲ. ಆ ಅಮ್ಮನೇ ಇದು ಬೇಕೆಂದು ಹೇಳಿದ್ದು ಸರ್ ಎಂದು ಅವನು ಹೇಳುವುದು, ನನ್ನ ಹೆಂಡತಿ ಅಂಥವಳಲ್ಲ ಎಂದು ಇವರು ಗದರುವುದು. ಮಾಲೀಕರಿಗೂ ಜನರ ಮುಂದೆ ಮರ್ಯಾದೆಯ ಪ್ರಶ್ನೆ. ನಾಳೆಯಿಂದ ಬರಬೇಡ ಎಂದು ಅವನಿಗೆ ಹೇಳಿಬಿಟ್ಟರು.

"ಅವನಿಗೇನೂ ಅನ್ನಬೇಡಿ," ಎಂದೆ. "ಅವನು ಬೇಡ ಅಂದ. ನಾನೇ ಅಗ್ಗದ್ದು ತಗೊಂಡೆ. ಉಳಿದಿದ್ದು ನಿಮ್ಮ ಹಲ್ಲಿಗೆ ಹಾಕಿದೆ."

ನಮ್ಮವರು ನನ್ನನ್ನು ಗುರುತು ಸಿಗದವರ ಹಾಗೆ ನೋಡಿದರು. ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದರು.

"ಬಸ್ಸಲ್ಲಿ ಒಬ್ಬರ ಚಿಲ್ಲರೇನೂ ಇಟ್ಕೊಂಡವನಲ್ಲ ಕಣೇ ನಾನು. ಈಗ ಮನೆ ಮಗುವಿನ ದುಡ್ಡು ಬಾಯಲ್ಲಿಟ್ಕೊಂಡು ಊರೆಲ್ಲ ಹಲ್ಲು ಕಿರಿದು ಬಂದ್ನಲ್ಲೇ," ಎಂದರು.

ಸೇಲ್ಸ್‌ಮನ್ನಿಗೆ ಕೈ ಮುಗಿದು, ತಪ್ಪಾಯಿತಪ್ಪ ಎಂದರು. ಮಾಲೀಕರಿಗೆ, ಅವನನ್ನು ತೆಗೆದರೆ ಪಾಪ ನನಗೆ ಬರುತ್ತದೆ ಎಂದು ಹೇಳಿ ಅವರು ಒಪ್ಪುವವರೆಗೂ ಅಲ್ಲೇ ನಿಂತರು. ದಾರಿಯುದ್ದಕ್ಕೂ ಅವರು ಮುಂದೆ, ನಾನು ಹತ್ತು ಹೆಜ್ಜೆ ಹಿಂದೆ. ಒಮ್ಮೆಯೂ ತಿರುಗಿ ನೋಡಲಿಲ್ಲ.

ಮಧ್ಯಾಹ್ನ ಸೊಸೆ ರೊಟ್ಟಿ ಬಡಿಸಲು ಬಂದಾಗ ಅವರು ತಟ್ಟೆ ಸರಿಸಿ, ನನಗೆ ಗಂಜಿ ಸಾಕಮ್ಮ ಎಂದರು. ಮಾತಾಡುವಾಗ ಬೊಚ್ಚು ಬಾಯಿ ಕಂಡಿತು, ಹಲ್ಲಿನ ಸೆಟ್ ತೆಗೆದಿಟ್ಟಿದ್ದರು. ಅವಳಿಗೆ ಎಲ್ಲ ತಿಳಿದುಹೋಯಿತು. ತಿರುಗಿ ನನ್ನ ಹಿಂದೆ ಅಡುಗೆಮನೆಗೆ ಬಂದಳು. ನಾನು ಒಲೆ ಹಚ್ಚಿ ಅಕ್ಕಿ ಹಾಕಿ ಕಲಕುತ್ತಾ ನಿಂತೆ. ಗಂಜಿ ಕುದಿಯತೊಡಗಿತು.

"ಹೇಳಬೇಡಿ ಅಂದಿದ್ದೆ," ಎಂದಳು.

"ನನ್ನ ಕಣ್ಣೆದುರಿಗೇ ಆ ಮನುಷ್ಯನ ಕೆಲಸ ಹೋಗ್ತಿತ್ತು ಕಣಮ್ಮ. ಬಾಯಿ ಮುಚ್ಕೊಂಡು ನಿಲ್ಲೋಕೆ ಆಗ್ಲಿಲ್ಲ."

ಅವಳು ಬಟ್ಟಲಿಗೆ ಗಂಜಿ ಬಗ್ಗಿಸಿಕೊಂಡಳು, ಉಪ್ಪು ಹಾಕಿದಳು, ಚಮಚ ಹುಡುಕಿ ತೆಗೆದಳು.

"ನನ್ನ ಕೆಲಸ ಹೋಗೋವಾಗ ನಿಲ್ಲೋಕೆ ಆಯ್ತಲ್ಲ, ಅತ್ತೆ," ಎಂದಳು.

ದನಿಯಲ್ಲಿ ಸಿಟ್ಟಿರಲಿಲ್ಲ. ಬಟ್ಟಲು ಹಿಡಿದುಕೊಂಡು ಮಾವನ ಹತ್ತಿರ ಹೋದಳು.